ತೊಗರಿಗೆ ನುಸಿ ಹತ್ತಿದ್ರ ಸೊಸಿ ತಪ್ಪಲ್ಲ

ಅಕ್ಕೋರೆ, ವೈನಿಯೋರೆ, ಓಣ್ಯಾಗಿನ ತಂಗ್ಯೋರೆ, ಮಳಿಗಾಲ ಸುರು ಆತಂದ್ರ ನಮ್ಮ ಕಡಿ ಮನಿಮನಿಗೂ ಒಂದೇ ಮಾತು. "ತೊಗರಿ ಡಬ್ಬಿ ತೆಗದೆ, ಬರೀ ನುಸಿ ನೋಡವ್ವಾ." ಕಲಬುರ್ಗಿ ಪ್ಯಾಟ್ಯಾಗೂ ಅದೇ, ಕಮಲಾಪುರದಾಗೂ ಅದೇ. ಅದರ ಹಿಂದೇ ಇನ್ನೊಂದ ಮಾತು ಬರ್ತದ: "ಈಗಿನ ಸೊಸ್ಯಾರಿಗೆ ಒಣಗಿಸಿ ಇಡೋದೇ ಗೊತ್ತಿಲ್ಲ." ಈ ಎರಡನೇ ಮಾತು ನನಗ ಸೇರಂಗಿಲ್ಲ. ಅದಕ್ಕ ಈ ಸಲ ನುಸಿ ಎಲ್ಲಿಂದ ಬರ್ತದ, ನಮ್ಮ ಆಯಿಗೋಳು ಅದನ್ನ ಹ್ಯಾಂಗ ತಡೀತಿದ್ರು, ನಡುವ ನಾವು ಎಲ್ಲಿ ವಿಷದ ದಾರಿ ಹಿಡದ್ವಿ ಅನ್ನೋ ಕತಿ ಬರೀಲಿಕ್ಕತ್ತೀನಿ.

ಮೊದಲು ಹುಳ ಗುರ್ತ ಹಿಡೀರಿ. ನಾವು ಎಲ್ಲಕ್ಕೂ ನುಸಿ ಅಂತೀವಿ, ಆದ್ರ ಅವು ಬ್ಯಾರೆ ಬ್ಯಾರೆ ಅದಾವ. ತೊಗರಿ, ಹೆಸರು, ಕಡ್ಲಿ, ಅಲಸಂದಿಯೊಳಗ ಬರೋದು ಗುಂಡಗ, ಕಂದು ಬಣ್ಣದ್ದು, ಮೂರ್ನಾಕು ಮಿಲಿಮೀಟರ್ ಉದ್ದ. ಅದರ ಮ್ಯಾಲಿನ ಗಟ್ಟಿ ರೆಕ್ಕಿ ಗಿಡ್ಡ ಇರ್ತಾವ, ಬೆನ್ನಿನ ತುದಿ ಹೊರಗ ಕಾಣ್ತದ. ಕಾಳಿನ ಮ್ಯಾಲ ಬಿಳಿ ಚುಕ್ಕಿ ಅಂಟಿದ್ರ ಅವೇ ಇದರ ತತ್ತಿ. ದುಂಡಗ ತೂತ ಇದ್ರ ಹುಳ ಹೊರಗ ಬಿದ್ದಾದ ಅಂತ ತಿಳೀರಿ. ಜ್ವಾಳ, ಅಕ್ಕಿ, ಗೋದಿಯೊಳಗ ಬರೋ ನುಸಿಗೆ ಆನಿ ಸೊಂಡಿಲಿನಂಗ ಮೂತಿ ಇರ್ತದ. ಹಿಟ್ಟು, ರವಾದಾಗ ಓಡ್ಯಾಡೋದು ಕೆಂಪ ಹುಳ. ಅದಕ್ಕ ಇಡೀ ಗಟ್ಟಿ ಕಾಳು ಕೊರೀಲಿಕ್ಕ ಆಗಂಗಿಲ್ಲ, ಹಿಟ್ಟು ಮತ್ತ ನುಚ್ಚಿನ ಮ್ಯಾಲ ಬದಕ್ತದ, ಹೆಚ್ಚಾದ್ರ ಹಿಟ್ಟಿಗೆ ಘಾಟು ವಾಸನಿ ಹತ್ತತದ. ಬಾಗಿಲ ಚೌಕಟ್ಟು, ಬಿದರ ಬುಟ್ಟಿ ಕೆಳಗ ಸಣ್ಣ ಹಿಟ್ಟಿನಂಥ ಪುಡಿ ಉದುರಿದ್ರ ಅದು ಕಟಗಿ ತಿನ್ನೋ ಹುಳ. ಅದಕ್ಕೂ ಡಬ್ಬಿ ನುಸಿಗೂ ಸಂಬಂಧ ಇಲ್ಲ.

ಈಗ ತೊಗರಿ ಹುಳದ ಗುಟ್ಟು ಕೇಳ್ರಿ. ಇದು ಹೊಲದಾಗೇ ಸುರು ಆಗ್ತದ. ಎಳ್ಳ ಅಮಾಸಿಗೆ ಚರಗ ಚೆಲ್ಲಲಿಕ್ಕ ಹೋದಾಗ ತೊಗರಿ ಕಾಯಿ ಬಲತಿರ್ತಾವ. ಹುಳ ಅಲ್ಲೇ ಕಾಯಿ ಮ್ಯಾಲ ತತ್ತಿ ಇಡ್ತದ. ಮರಿ ಒಳಗ ಕೊರಕೊಂಡು ಕಾಳಿನಾಗ ಸೇರ್ತದ. ರಾಶಿ ಮಾಡಿ, ಚೀಲ ತುಂಬಿ, ಮನಿಗೆ ತಂದಾಗ ಕಾಳು ನೋಡ್ಲಿಕ್ಕ ಛಲೋನೇ ಇರ್ತದ, ಹುಳ ಒಳಗ ಕುಂತಿರ್ತದ. ಒಂದ ಹೆಣ್ಣು ಹುಳ ನೂರರ ಹತ್ತಿರ ತತ್ತಿ ಇಡಬಹುದು. ಸೆಕಿ ಇದ್ದಾಗ ಒಂದು ತಿಂಗಳದಾಗ ಹೊಸ ಪೀಳಿಗಿ ತಯಾರ. ರೆಕ್ಕಿ ಬಂದ ಹುಳ ಮತ್ತೇನೂ ತಿನ್ನಂಗಿಲ್ಲ, ತತ್ತಿ ಇಟ್ಟು ಹತ್ತು ಹನ್ನೆರಡು ದಿನದಾಗ ಸಾಯ್ತದ. ಅಂದ್ರ ಫೆಬ್ರುವರಿಯೊಳಗ ಚೀಲದಾಗ ನಾಕು ಹುಳ ಬಂದಿದ್ರ ಜೂನ್ ಬರೋದ್ರಾಗ ಅವು ಸಾವಿರ ಆಗ್ಯಾವ. ಜೂನ್‌ದಾಗ ಡಬ್ಬಿ ತೆಗದ ಸೊಸಿ ಮ್ಯಾಲ ಬಯ್ಗುಳ ಬೀಳ್ತದ. ಆಕಿ ಏನ ಮಾಡ್ಯಾಳ?

ಹಳೆ ಮಂದಿ ಕಾಳು ಕಾಯೋದನ್ನ ಜೀವ ಕಾಯೋದು ಅಂತ ತಿಳದಿದ್ರು, ಯಾಕಂದ್ರ ನಮ್ಮದು ಬರದ ನಾಡು. ಬಹಮನಿ ಅರಸರು 1347ರಾಗ ಕಲಬುರ್ಗಿಯನ್ನ ರಾಜಧಾನಿ ಮಾಡಿಕೊಂಡ್ರು. ಅವರ ಕಾಲದಾಗೇ, 1396ರ ಸುಮಾರಿಗೆ ಸುರು ಆಗಿ ವರ್ಷಗಟ್ಟಲೆ ನಡದ ಬರಕ್ಕ ದಖ್ಖನದ ಮಂದಿ ದುರ್ಗಾದೇವಿ ಬರ ಅಂತ ಹೆಸರಿಟ್ಟಾರ. 1876-78ರ ದೊಡ್ಡ ಬರ ಹೈದರಾಬಾದ ಸಂಸ್ಥಾನ, ಮುಂಬೈ, ಮದ್ರಾಸ್, ಮೈಸೂರು ಎಲ್ಲಾ ಕಡಿ ಹಾಯ್ತು. 1972ರ ಬರ ಕಂಡವರು ನಮ್ಮ ಮನ್ಯಾಗ ಇನ್ನೂ ಅದಾರ. ಇಂಥ ಕಡಿ ಒಂದ ಛಲೋ ವರ್ಷದ ಜ್ವಾಳ ಮುಂದಿನ ಎರಡ ವರ್ಷಕ್ಕ ಉಳೀಬೇಕು. ಅದಕ್ಕ ಹಗೇವು ಹುಟ್ಟಿದ್ದು.

ಹಗೇವು ನೋಡದ ಹುಡಿಗ್ಯಾರಿಗೆ ಹೇಳ್ತೀನಿ. ಗಟ್ಟಿ ನೆಲ ನೋಡಿ, ಬಾಯಿ ಸಣ್ಣ, ಹೊಟ್ಟಿ ದೊಡ್ಡದು ಇರೋ ಹಂಗ ಕುಣಿ ತೋಡೋದು. ಸುತ್ತ ಕಣಕಿ, ಹೊಟ್ಟು ಹಾಸಿ ಒಣಗಿದ ಜ್ವಾಳ ತುಂಬೋದು, ಬಾಯಿಗೆ ಪರಸಿ ಇಟ್ಟು ಮಣ್ಣ ಮೆತ್ತೋದು. ಒಳಗಿನ ಕಾಳು ಮತ್ತ ಹುಳ ಎರಡೂ ಉಸರಾಡಿ ಉಸರಾಡಿ ಅಲ್ಲಿನ ಆಮ್ಲಜನಕ ತೀರಸ್ತಾವ, ಇಂಗಾಲದ ಡೈಆಕ್ಸೈಡ್ ತುಂಬ್ತದ. ಹುಳ ಉಸರ ಕಟ್ಟಿ ಸಾಯ್ತದ. ಔಷಧ ಇಲ್ಲ, ಖರ್ಚಿಲ್ಲ. ಆದ್ರ ಅದೇ ಗಾಳಿ ಮನಷ್ಯಾನನ್ನೂ ಕೊಲ್ತದ. ಅದಕ್ಕ ಬಾಯಿ ತೆಗದು ಗಾಳಿ ಆಡ್ಲಿಕ್ಕ ಬಿಟ್ಟು, ದೀಪ ಇಳಿಬಿಟ್ಟು, ಅದು ಆರಲಿಲ್ಲಂದ್ರ ಆಮ್ಯಾಲ ಇಳೀತಿದ್ರು. ಮುಚ್ಚಿದ ಜಾಗಾದಾಗಿನ ಗಾಳಿಗೆ ಅಂಜಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಈ ಮಾತು ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತದ.

ಹಗೇವು ಗಂಡಸರ ಕೆಲಸ, ಜ್ವಾಳದ ಮಾತು. ಕಾಳಿನ ಕೆಲಸ ಪೂರಾ ಹೆಣ್ಣಮಕ್ಕಳದ್ದು. ನಮ್ಮ ಆಯಿಗೋಳು ತೊಗರಿ ಕಾಳನ್ನ ಕಾಳಾಗೇ ವರ್ಷ ಪೂರ್ತಿ ಇಡ್ತಿರಲಿಲ್ಲ. ನೆನಸಿ, ಕೆಮ್ಮಣ್ಣ ಹಚ್ಚಿ, ಮಾಳಗಿ ಮ್ಯಾಲ ಬಿಸಲಿಗೆ ಒಣಗಿಸಿ, ಬೀಸೋಕಲ್ಲಿಗೆ ಹಾಕಿ ಬ್ಯಾಳಿ ಒಡೀತಿದ್ರು. ಬ್ಯಾಳಿ ಬೇಗ ಒಡೀಲಿ ಅಂತ ಮಾಡ್ತಾರ ಅಂತ ನಾವು ತಿಳದೀವಿ. ಅದೂ ಖರೆ, ಆದ್ರ ಅದರಾಗ ಹುಳದ ಲೆಕ್ಕನೂ ಅದ. ಈ ಹುಳಕ್ಕ ತತ್ತಿ ಇಡ್ಲಿಕ್ಕ ನುಣಪ ಸಿಪ್ಪಿಯ ಇಡೀ ಕಾಳು ಬೇಕು. ಸಿಪ್ಪಿ ಹೋದ ಬ್ಯಾಳಿ ಮ್ಯಾಲ ಅದರ ಆಟ ಅಷ್ಟ ನಡ್ಯಂಗಿಲ್ಲ. ರಾಶಿ ಆದ ಕೂಡ್ಲೆ ಬ್ಯಾಳಿ ಮಾಡೋದು ಅಂದ್ರ ಹುಳದ ಮನಿಯನ್ನೇ ಒಡದಂಗ.

ಬೀಜಕ್ಕ ಅಂತ ಇಡೀ ಕಾಳು ಇಡಬೇಕಾದ್ರ ಹರವಿಯೊಳಗ ಬೂದಿ ಕಲಸಿ ಇಡ್ತಿದ್ರು. ಬೂದಿ ಕಾಳಿನ ಸಂದಿ ತುಂಬತದ, ಹುಳಕ್ಕ ಓಡ್ಯಾಡ್ಲಿಕ್ಕ ಜಾಗಾ ಇರಂಗಿಲ್ಲ. ಅದರ ಮೈ ಮ್ಯಾಲಿನ ಮೇಣದ ಪದರ ಕೆದರಿ ಮೈ ನೀರ ಆರ್ತದ. ಎಣ್ಣಿ ಹಚ್ಚೋದಕ್ಕೂ ಕಾರಣ ಅದ: ಕಾಳಿಗೆ ಅಂಟಿದ ತತ್ತಿಗೆ ಎಣ್ಣಿ ಕೂತ್ರ ಅದಕ್ಕ ಉಸರ ಸಿಗಂಗಿಲ್ಲ. ಬೇವಿನ ಎಲಿ ಹುಳವನ್ನ ದೂರ ಇಡ್ತದ, ಆದ್ರ ಒಳಗ ಕುಂತ ಮರಿಯನ್ನ ಕೊಲ್ಲಂಗಿಲ್ಲ. ಹಸಿ ಎಲಿ ಹಾಕಿದ್ರಂತೂ ಪಸಿ ಹತ್ತಿ ಬೂಷ್ಟು ಬರ್ತದ, ನೆರಳಾಗ ಒಣಗಿಸಿದ್ದೇ ಹಾಕ್ರಿ.

ಇನ್ನ ವಿಷದ ಕತಿ. ಸ್ವಾತಂತ್ರ್ಯ ಬಂದ ಮ್ಯಾಲ ದೇಶದಾಗ ಅನ್ನದ ತಾಪತ್ರಯ ಇತ್ತು, ಹಡಗದಾಗ ಗೋದಿ ಬರೋ ಕಾಲ. ಕಾಳು ಹುಳಕ್ಕ ಹೋಗಬಾರದು ಅಂತ 1965ರಾಗ ಕೇಂದ್ರ ಸರ್ಕಾರ ಧಾನ್ಯ ಉಳಿಸ್ರಿ ಅನ್ನೋ ಆಂದೋಲನ ಸುರು ಮಾಡ್ತು. ತಗಡಿನ ಕಣಜ ಮಾಡಿಸ್ರಿ, ಕಾಳು ಒಣಗಿಸ್ರಿ ಅಂತ ಹೇಳಿದ್ದು ಛಲೋದೇ. ಆದ್ರ ಅದರ ಜೋಡಿ ಔಷಧನೂ ಮನಿಯೊಳಗ ಬಂತು. ಬಿಳಿ ಪುಡಿ, ಗಾಜಿನ ಸೀಸೆದಾಗಿನ ಇ.ಡಿ.ಬಿ., ಆಮ್ಯಾಲ ಗುಳಗಿ. ಹಿಂಥಾ ವಿಷ ಮತ್ತ ಅನ್ನ ಒಂದೇ ಕಡಿ ಇದ್ರ ಏನಾಗ್ತದ ಅಂತ 1958ರಾಗೇ ಕೇರಳದಾಗ ಕಂಡಿತ್ತು. ಹಡಗದಾಗ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಗೋದಿ ಹಿಟ್ಟಿಗೆ ಸೋರಿ ನೂರಕ್ಕಿಂತ ಹೆಚ್ಚು ಮಂದಿ ಸತ್ರು. ಅದಾದ ಮ್ಯಾಲೇ 1968ರ ಕೀಟನಾಶಕ ಕಾಯ್ದೆ ಬಂತು. ಬಿ.ಎಚ್.ಸಿ. ಪುಡಿ 1997ರಾಗ, ಇ.ಡಿ.ಬಿ. 2001ರಾಗ ಬಂದ್ ಆದವು. ಒಂದ ಕಾಲಕ್ಕ ಕಾಳಿಗೆ ಹಾಕ್ರಿ ಅಂದದ್ದನ್ನೇ ಮುಂದ ಮುಟ್ಟಬ್ಯಾಡ್ರಿ ಅಂದ್ರು.

ಗುಳಗಿ ಮಾತ್ರ ಇನ್ನೂ ಕೈಯಾಗ ಸಿಗ್ಲಿಕ್ಕತ್ತದ. ಈ ಲೇಖನ ಬರೀಲಿಕ್ಕ ಕಾರಣನೇ ಅದು. ಹೋದ ತಿಂಗಳ ನಮ್ಮ ಓಣ್ಯಾಗಿನ ತಂಗಿ ಒಬ್ಬಾಕಿ, "ಅಕ್ಕಾ, ಎರಡ ಚೀಲ ತೊಗರಿ ಅದ, ಗುಳಗಿ ಇಟ್ಟಬಿಡ್ಲೇನು?" ಅಂತ ಕೇಳಿದಳು. ಆಕಿದು ಎರಡ ಖೋಲಿ ಮನಿ. ಚೀಲ ಇರೋ ಖೋಲಿ ಬಾಜೂಕೇ ಮಕ್ಕಳು ಮಲಗೋದು. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯಾಗಿನ ಪಸಿ ಹತ್ತಿದ ಕೂಡ್ಲೆ ಫಾಸ್ಫೀನ್ ಅನ್ನೋ ವಿಷಗಾಳಿ ಬಿಡ್ತದ. ಬಾಗಿಲ ಸಂದಿ, ಗ್ವಾಡಿ ಬಿರಕು, ಎಲ್ಲಿ ಬೇಕಾದ್ರೂ ತೂರ್ತದ. ಇದಕ್ಕ ಪ್ರತಿವಿಷ ಅನ್ನೋದು ಇಲ್ಲ. ಮೊದಲ ವಾಂತಿ, ಎದಿ ಬಿಗಿತ, ದಮ್ಮು. ಮಂದಿ ಊಟ ಹೆಚ್ಚುಕಮ್ಮಿ ಆಗ್ಯಾದ ಅಂತ ತಿಳೀತಾರ, ಅಷ್ಟೊತ್ತಿಗೆ ಹೊತ್ತು ಮೀರಿರ್ತದ. ಕಾಯ್ದೆ ಪ್ರಕಾರ ಇದನ್ನ ಸರ್ಕಾರಿ ಉಗ್ರಾಣದವರು ಮತ್ತ ಲೈಸೆನ್ಸ್ ಇದ್ದ ಕೀಟ ನಿಯಂತ್ರಣದವರು ಅಷ್ಟೇ ಬಳಸಬೇಕು, ಸಾದಾ ಮಂದಿಗೆ ಮಾರೋ ಹಂಗಿಲ್ಲ. ದೀಪ ಇಳಿಬಿಟ್ಟು ಹಗೇವಿಗೆ ಇಳೀತಿದ್ದವರ ಮೊಮ್ಮಕ್ಕಳು ನಾವು. ಮಲಗೋ ಮನ್ಯಾಗ ವಿಷಗಾಳಿ ಇಡಬಾರದು. ಯಾರರೆ ಇಟ್ಟಿದ್ದು ಗೊತ್ತಾದ್ರ ಎಲ್ಲಾರೂ ಬಯಲಿಗೆ ಬರ್ರಿ, ಗುಳಗಿ ಮ್ಯಾಲ ನೀರ ಹಾಕಬ್ಯಾಡ್ರಿ, ಯಾರಿಗರೆ ಸಂಕಟ ಆದ್ರ ತಡಾ ಮಾಡದೆ ದವಾಖಾನಿಗೆ ಒಯ್ದು ಗುಳಗಿ ಹೆಸರ ಹೇಳ್ರಿ. ಪಾದರಸದ ಗುಳಗಿನೂ ಡಬ್ಬ್ಯಾಗ ಬ್ಯಾಡ, ಬೋರಿಕ್ ಪುಡಿನೂ ಬ್ಯಾಡ.

ಹಂಗಾದ್ರ ಮಾಡೋದೇನು? ನಾನು ಆಕಿಗೆ ಹೇಳಿದ್ದೇ ನಿಮಗೂ ಹೇಳ್ತೀನಿ.

ತೊಗರಿ ಮನಿಗೆ ಬಂದ ವಾರದಾಗೇ ಒಣಗಿಸ್ರಿ. ನಮ್ಮ ಬ್ಯಾಸಗಿ ಬಿಸಲು ನಮ್ಮ ದೊಡ್ಡ ಔಷಧ. ಕರಿ ತಾಡಪತ್ರಿ ಮ್ಯಾಲ ತೆಳ್ಳಗ ಹರವಿ, ಮ್ಯಾಲ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಕಲ್ಲ ಇಡ್ರಿ. ಒಳಗಿನ ಕಾವು 60 ಡಿಗ್ರಿ ದಾಟ್ತದ, ಕಾಳಿನೊಳಗಿನ ಮರಿನೂ ಉಳ್ಯಂಗಿಲ್ಲ. ಬಿತ್ತೋ ಬೀಜಕ್ಕ ಮಾತ್ರ ಇಷ್ಟು ಕಾವು ಕೊಡಬ್ಯಾಡ್ರಿ. ಹಲ್ಲಾಗ ಕಡದ್ರ ಕಟ್ ಅನ್ನಬೇಕು. ಪೂರಾ ಆರಿದ ಮ್ಯಾಲೇ ತುಂಬ್ರಿ. ಬಿಸಿ ಇದ್ದಾಗ ತುಂಬಿದ್ರ ಒಳಗ ಬೆವರ ಕಟ್ತದ.

ಇಡೀ ಕಾಳು ಇಡೋದಿದ್ರ ಕಿಲೋಕ್ಕ ಒಂದ ಚಹಾ ಚಮಚಾ ಶೇಂಗಾ ಎಣ್ಣಿ ಕೈಲೆ ತಿಕ್ರಿ. ಡಬ್ಬಿ ಕಂಠಮಟ ತುಂಬಿ ಗಾಳಿ ಆಡದಂಗ ಮುಚ್ರಿ. ಹೆಚ್ಚು ಇದ್ರ ಮೂರು ಪದರಿನ ಚೀಲ ಬಂದಾವ, ಒಳಗ ಎರಡ ದಪ್ಪ ಪ್ಲಾಸ್ಟಿಕ್, ಹೊರಗ ನೇಯ್ದ ಚೀಲ. ಇವನ್ನ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮೆರೂನ್‌ದಾಗ ಅಲಸಂದಿ ಉಳಿಸ್ಲಿಕ್ಕ ಮಾಡಿದ್ದು. ಹೈದರಾಬಾದ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್‌ದವರು ತೊಗರಿ ತುಂಬಿ ನೋಡಿದಾಗಲೂ ಹುಳ ಬೆಳೀಲಿಲ್ಲ. ಇದು ನಮ್ಮ ಹಗೇವಿನ ಲೆಕ್ಕನೇ: ಉಸರ ಕಟ್ಟೋದು.

ಸಣ್ಣ ಸಂತಿ ತರೋರು ಬ್ಯಾಳಿ, ರವಾ ಪಾಕೀಟನ್ನ ಫ್ರೀಜರ್‌ದಾಗ ಒಂದ ವಾರ ಇಟ್ಟು ತೆಗೀರಿ, ತತ್ತಿ ಸಮೇತ ಸಾಯ್ತಾವ. ಹಳೆ ಬ್ಯಾಳಿ ಮ್ಯಾಲ ಹೊಸದು ಸುರೀಬ್ಯಾಡ್ರಿ. ಡಬ್ಬಿ ತೊಳದು ಬಿಸಲಿಗೆ ಇಡ್ರಿ. ಶಾಬಾದಿ ಪರಸಿ ಸಂದ್ಯಾಗ, ಹಳೆ ಚೀಲದ ಹೊಲಿಗ್ಯಾಗ ಕಾಳು ಸಿಕ್ಕಿರ್ತಾವ, ಹುಳ ಅಲ್ಲಿಂದೇ ಮತ್ತ ಏಳ್ತದ. ಸಂದಿಗೆ ಸಿಮಿಟ್ ತುಂಬ್ರಿ, ಚೀಲ ಕುದಿಯೋ ನೀರಾಗ ಅದ್ದಿ ಒಣಗಿಸ್ರಿ. ಹದಿನೈದ ದಿನಕ್ಕೊಮ್ಮಿ ಒಂದ ಮುಷ್ಟಿ ತೆಗದು ಬಿಳಿ ಚುಕ್ಕಿ ಅದಾವೇನು ನೋಡ್ರಿ. ಚುಕ್ಕಿ ಕಂಡಾಗಲೇ ಬಿಸಲಿಗೆ ಹಾಕಿದ್ರ ತೂತ ಬೀಳೋದು ತಪ್ಪತದ.

ನಮ್ಮ ತೊಗರಿ ಬ್ಯಾಳಿಗೆ 2019ರಾಗ ಭೌಗೋಳಿಕ ಗುರುತು ಸಿಕ್ತು. ಕಮಲಾಪುರದ ಕೆಂಪ ಬಾಳಿಹಣ್ಣಿಗೂ ಆ ಗುರುತು ಅದ. ಎರಿ ಹೊಲ, ಮಳಿ, ರೈತ ಎಲ್ಲಾರ ಹೆಸರ ಅದರಾಗ ಬಂತು. ಅದನ್ನ ವರ್ಷ ಪೂರ್ತಿ ಕಾಯ್ದ ಹೆಣ್ಣಮಕ್ಕಳ ಹೆಸರ ಎಲ್ಲೂ ಇಲ್ಲ. ಕಾಳು ಉಳದ್ರ ಯಾರೂ ಏನೂ ಅನ್ನಂಗಿಲ್ಲ, ನುಸಿ ಹತ್ತಿದ್ರ ಮಾತ್ರ ಹೆಣ್ಣಿನ ಹೆಸರ ಬರ್ತದ. ಮುಂದಿನ ಸಲ ಯಾರರೆ ಸೊಸಿಗೆ ಹಂಗ ಅಂದ್ರ, ಹುಳ ಹೊಲದಿಂದ ಬಂದದ ಅಂತ ಹೇಳ್ರಿ. ಆಮ್ಯಾಲ ಅಂದವರನ್ನೂ ಕರಕೊಂಡು ಮಾಳಗಿ ಹತ್ರಿ. ತಾಡಪತ್ರಿ ಹಾಸ್ಲಿಕ್ಕ ನಾಕು ಕೈ ಬೇಕು.