ರಾಮಗಿರಿಯ ಎರಡು ಸರ್ಕಾರಗಳು

ಬೀರೂರು ದಾಟಿ ದಾವಣಗೆರೆ ಕಡೆ ಹೋಗುವಾಗ ಹೊಸದುರ್ಗ ರೋಡ್ ಆದ ಮೇಲೆ ಒಂದು ಹಳದಿ ಬೋರ್ಡು ಬರುತ್ತೆ: ರಾಮಗಿರಿ. ಎಕ್ಸ್‌ಪ್ರೆಸ್ ಗಾಡಿಯಲ್ಲಿದ್ದರೆ ಓದಿ ಮುಗಿಸೋ ಹೊತ್ತಿಗೆ ಹಿಂದೆ ಹೋಗಿರುತ್ತೆ :) ಎಷ್ಟೋ ಸಲ ಹಾಗೇ ದಾಟಿ ಹೋದವನು ನಾನು. ಮೊನ್ನೆ ಮಾತ್ರ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಇಲ್ಲಿ ಯಾವ ಗಾಡಿ ನಿಲ್ಲಬೇಕು ಅಂತ ತೀರ್ಮಾನ ಮಾಡೋರು ಯಾರು?

ಸ್ವಲ್ಪ ಹಿಂದಕ್ಕೆ ಹೋಗೋಣ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಮದ್ರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಧಾನ್ಯ ಬಂದರೂ, ಅಲ್ಲಿಂದ ಈ ಬಯಲುಸೀಮೆಗೆ ಎತ್ತಿನ ಗಾಡಿಯೇ ಗತಿ. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದಾಗ ದಿವಾನ್ ರಂಗಾಚಾರ್ಲು ರೈಲಿಗೆ ಒತ್ತು ಕೊಟ್ಟಿದ್ದು ಅದಕ್ಕೇ. 1884ಕ್ಕೆ ಮೀಟರ್‌ಗೇಜ್ ಹಳಿ ತುಮಕೂರು ಮುಟ್ಟಿತು, 1889ಕ್ಕೆ ಹರಿಹರ. ರಾಮಗಿರಿ ಸಿಕ್ಕಿದ್ದು ಆ ದಾರಿಯಲ್ಲಿ.

ಆದರೆ ಹಳಿಯ ಯಜಮಾನಿಕೆ ಊರಿನ ಹತ್ತಿರ ಯಾವತ್ತೂ ಇರಲಿಲ್ಲ. 1886ರಿಂದ ಈ ಮಾರ್ಗ ಸದರ್ನ್ ಮರಾಠಾ ಕಂಪನಿಯ ಕೈಯಲ್ಲಿ. ಅದರ ಕಚೇರಿ ಧಾರವಾಡದಲ್ಲಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜತೆ ಸೇರಿತು. 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು, ಅದರ ಕೇಂದ್ರವೂ ಮದ್ರಾಸೇ. 2003ರಲ್ಲಿ ನೈಋತ್ಯ ರೈಲ್ವೆ ಬಂದ ಮೇಲೆ ಹುಬ್ಬಳ್ಳಿ.

ಊರಿನ ಆಡಳಿತದ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಪಟೇಲ, ಶಾನುಭೋಗರದ್ದೇ ವಂಶಪಾರಂಪರ್ಯ ಕಾರುಬಾರು. 1926ರಲ್ಲಿ ಸಂಸ್ಥಾನ ಗ್ರಾಮ ಪಂಚಾಯತಿ ಕಾನೂನು ಮಾಡಿತು. ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯುವ ಕಾಯ್ದೆ ಬಂದದ್ದು 1961ರಲ್ಲಿ. 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ. ಅದರ ಹಿಂದೆ ಇದ್ದವರು ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್. ಹೆಂಗಸರಿಗೆ ಶೇ. 25 ಮೀಸಲಾತಿಯೂ ಆಗಲೇ ಬಂತು. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ: ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಂದರೆ ನಿಮ್ಮ ಸದಸ್ಯರ ಮನೆಬಾಗಿಲು ನಿಮಗೆ ಗೊತ್ತಿರುತ್ತೆ, ಬೀದಿದೀಪ ಕೆಟ್ಟರೆ ಹೋಗಿ ಜಗಳ ಆಡಬಹುದು!

ಹೀಗೆ ನೂರು ವರ್ಷದಲ್ಲಿ ಊರಿನ ಅಧಿಕಾರ ಮೆಲ್ಲಗೆ ಜನರ ಹತ್ತಿರ ಬಂತು. ಸ್ಟೇಷನ್ನಿನದು ಬರಲಿಲ್ಲ. ಸ್ಟೇಷನ್ ರಸ್ತೆಯ ಚರಂಡಿಗೆ ಪಂಚಾಯತಿಯನ್ನು ಕೇಳಬಹುದು. ಬೇಲಿ ದಾಟಿ ಒಳಗೆ ಒಂದು ಕಲ್ಲುಬೆಂಚು ಬೇಕಂದರೂ ಅರ್ಜಿ ಮೈಸೂರು ವಿಭಾಗಕ್ಕೆ ಹೋಗಬೇಕು. ಗಾಡಿ ನಿಲ್ಲಿಸಿ ಅಂತ ಪಂಚಾಯತಿ ಠರಾವು ಮಾಡಬಹುದು, ಅಷ್ಟೇ.

ಪಕ್ಕದ ಚಿಕ್ಕಜಾಜೂರನ್ನೇ ನೋಡಿ. 1921ರಲ್ಲಿ ಚಿತ್ರದುರ್ಗಕ್ಕೆ ಕವಲುಹಳಿ ಹೊರಟಿದ್ದು ಅಲ್ಲಿಂದ. ಜಿಲ್ಲಾ ಕೇಂದ್ರದವರೇ ರೈಲಿಗಾಗಿ ಹಳ್ಳಿಗೆ ಬಂದು ಕಾದರು! ರೈಲ್ವೆ ಲೆಕ್ಕದಲ್ಲಿ ಅದು ಜಂಕ್ಷನ್. ಆದರೂ ವೇಳಾಪಟ್ಟಿ ಮೇಲೆ ಅದಕ್ಕೂ ಹಿಡಿತವಿಲ್ಲ.

ಎಲ್ಲ ಹಳ್ಳಿಯಲ್ಲೂ ಎಲ್ಲ ಗಾಡಿ ನಿಂತರೆ ರೈಲು ಮುಂದೆ ಹೋಗೋದು ಹೇಗೆ ಅಂತೀರಾ? ಒಪ್ಪಿದೆ. ಆದರೆ ಬರದ ಹೊತ್ತಿಗೆ ಹಳ್ಳಿಗೆ ಅನ್ನ ಮುಟ್ಟಲಿ ಅಂತ ಹಾಕಿದ ಹಳಿ ಇದು. ಅದರ ಪಕ್ಕದಲ್ಲೇ ಇರುವವರನ್ನು ಒಂದು ಮಾತು ಕೇಳುವ ಏರ್ಪಾಡಾದರೂ ಇರಬೇಕಿತ್ತಲ್ಲ.

ನಿಮ್ಮೂರ ಸ್ಟೇಷನ್ನಿನ ಕಥೆ ಏನು?