ಪಲ್ಸ್ ಅಗಲದ ಲೆಕ್ಕ: ಮೈಕ್ರೊಕಂಟ್ರೋಲರಿನ ಟೈಮರ್ ಬೆಳೆದು ಬಂದ ದಾರಿ

1984ರ ಅಕ್ಟೋಬರ್ 24ರಂದು ಎಸ್‌ಪ್ಲನೇಡ್ ಮತ್ತು ಭವಾನಿಪುರದ ನಡುವೆ ಓಡಿದ ಕೋಲ್ಕತ್ತ ಮೆಟ್ರೊ ದೇಶದ ಮೊದಲ ಮೆಟ್ರೊ. ಬೋಗಿ ಚೆನ್ನೈನ ಐಸಿಎಫ್‌ನದು, ವಿದ್ಯುತ್ ಸಲಕರಣೆ ಬೆಂಗಳೂರಿನ ಎನ್‌ಜಿಇಎಫ್‌ನದು. ಅದರ ಡಿಸಿ ಮೋಟಾರಿನ ವೇಗ ಏರಿಸಬೇಕಾದರೆ ಸರಣಿಯಲ್ಲಿದ್ದ ರೆಸಿಸ್ಟರುಗಳನ್ನು ಒಂದೊಂದಾಗಿ ಕಳಚುತ್ತ ಹೋಗಬೇಕಿತ್ತು. ಹೊರಡುವ ಪ್ರತಿ ಸಲವೂ ಒಂದು ಪಾಲು ವಿದ್ಯುತ್ತು ಬರಿಯ ಬಿಸಿಯಾಗಿ ಹೋಗುತ್ತಿತ್ತು. 2020ರ ಫೆಬ್ರುವರಿಯಲ್ಲಿ ಸಾಲ್ಟ್ ಲೇಕಿನಲ್ಲಿ ಶುರುವಾದ ಪೂರ್ವ–ಪಶ್ಚಿಮ ಮಾರ್ಗದ ರೈಲುಗಳೂ ಬೆಂಗಳೂರಿನವೇ, ಬಿಇಎಂಎಲ್ ಕಟ್ಟಿದವು. ಅವುಗಳಲ್ಲಿರುವುದು ಮೂರು ಫೇಸಿನ ಎಸಿ ಮೋಟಾರು. ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಹಚ್ಚಿ ಆರಿಸಿ, ಹಚ್ಚಿದ ಹೊತ್ತಿನ ಅಗಲವನ್ನು ಹೆಚ್ಚುಕಡಿಮೆ ಮಾಡಿ ಇನ್ವರ್ಟರ್ ಅದನ್ನು ಓಡಿಸುತ್ತದೆ. ಈ ವಿದ್ಯೆಗೆ ಪಲ್ಸ್ ವಿಡ್ತ್ ಮಾಡ್ಯುಲೇಷನ್, ಚುಟುಕಾಗಿ ಪಿಡಬ್ಲ್ಯುಎಂ ಎಂದು ಹೆಸರು.

ಮೋಟಾರಿಗೆ ಇದನ್ನು ಒಗ್ಗಿಸಿದ ಪ್ರಸಿದ್ಧ ಪ್ರಬಂಧವನ್ನು ಶೋನುಂಗ್ ಮತ್ತು ಸ್ಟೆಮ್ಲರ್ 1964ರಲ್ಲಿ ಬರೆದರು. ತ್ರಿಕೋನಾಕಾರದ ಅಲೆಯೊಂದರ ಜೊತೆ ಸೈನ್ ಅಲೆಯನ್ನು ಹೋಲಿಸಿ, ಯಾವುದು ಮೇಲಿದೆ ಎಂಬುದರ ಮೇಲೆ ಸ್ವಿಚ್ಚು ಹಾಕಬೇಕು, ಇಷ್ಟೇ. ಆಗ ಅದು ಆಪ್‌ ಆಂಪ್‌ಗಳಂಥ ಅನಲಾಗ್ ಮಂಡಲಗಳ ಕೆಲಸವಾಗಿತ್ತು. ಇದನ್ನು ಮೈಕ್ರೊಕಂಪ್ಯೂಟರಿಗೆ ಒಪ್ಪಿಸಿದವರ ಸಾಲಿನಲ್ಲಿ ಮುಂದೆ ನಿಲ್ಲುವವರು ಬಿಮಲ್ ಕೆ. ಬೋಸ್. 1932ರಲ್ಲಿ ಕಲ್ಕತ್ತದಲ್ಲಿ ಹುಟ್ಟಿ, ಶಿಬ್‌ಪುರದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1971ರಲ್ಲಿ ಅಮೆರಿಕಕ್ಕೆ ಹೋದವರು. ಮೈಕ್ರೊಕಂಪ್ಯೂಟರಿನಿಂದ ಪವರ್ ಎಲೆಕ್ಟ್ರಾನಿಕ್ಸನ್ನು ಆಳುವ ಬಗೆ ಕುರಿತು ಅವರು ಸಂಪಾದಿಸಿದ ಸಂಪುಟ 1987ರದು. ಆ ಹೊತ್ತಿಗೆ ಚಿಪ್ಪುಗಳಲ್ಲಿ ಏನಿತ್ತು ಎಂದು ನೋಡಿದರೆ ಅವರ ಪೀಳಿಗೆಯ ಮೇಲೆ ಗೌರವ ಹುಟ್ಟುತ್ತದೆ.

1980ರ ಇಂಟೆಲ್ 8051ರಲ್ಲಿ ಪಿಡಬ್ಲ್ಯುಎಂಗೆಂದೇ ಮೀಸಲಾದ ಘಟಕ ಇರಲಿಲ್ಲ. 12 ಮೆಗಾಹರ್ಟ್ಸ್ ಹರಳು ಕೂರಿಸಿದರೆ ಒಂದು ಮೆಷಿನ್ ಸೈಕಲ್ಲಿಗೆ 1 ಮೈಕ್ರೊಸೆಕೆಂಡ್. 20 ಕಿಲೊಹರ್ಟ್ಸಿನಲ್ಲಿ ಸ್ವಿಚ್ಚು ಆಡಿಸಬೇಕೆಂದರೆ ಒಂದು ಆವರ್ತಕ್ಕೆ 50 ಮೈಕ್ರೊಸೆಕೆಂಡ್, ಅಂದರೆ ಪಲ್ಸಿನ ಅಗಲಕ್ಕೆ ಬರೇ 50 ಮೆಟ್ಟಿಲು. ಇಂಟರಪ್ಟಿಗೆ ಅದು ಓಗೊಡಲು 3ರಿಂದ 9 ಸೈಕಲ್ಲುಗಳ ನಡುವೆ ಎಷ್ಟಾದರೂ ಹಿಡಿಯಬಹುದಾಗಿತ್ತಾದ್ದರಿಂದ ಪಲ್ಸಿನ ಅಂಚು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದೇ ದಶಕದ 8096ರಲ್ಲಿ 8 ಬಿಟ್ಟಿನ ಪಿಡಬ್ಲ್ಯುಎಂ ಹೊರಗಿಂಡಿ ಬಂತು. ಆದರೆ ಒಂದೇ ಒಂದು.

ಮೂರು ಫೇಸಿಗೆ ಆರು ಸ್ವಿಚ್ಚು ಬೇಕು, ಒಂದೊಂದು ಫೇಸಿಗೆ ಮೇಲೊಂದು ಕೆಳಗೊಂದು. ಆಸಿಲೋಸ್ಕೋಪಿನಲ್ಲಿ ಈ ಜೋಡಿಯ ಗೇಟ್ ಸಂಕೇತಗಳನ್ನು ಇಟ್ಟು ನೋಡಿ: ಮೇಲಿನದು ಬೀಳುತ್ತದೆ, ಎರಡೂ ಸುಮ್ಮನಿರುವ ಒಂದು ಸಣ್ಣ ಸಂದು, ಆಮೇಲೆ ಕೆಳಗಿನದು ಏಳುತ್ತದೆ. ಆ ಸಂದು ತಪ್ಪಿ ಎರಡೂ ಒಟ್ಟಿಗೆ ತೆರೆದರೆ ಡಿಸಿ ಸಪ್ಲೈ ನೇರವಾಗಿ ಶಾರ್ಟ್ ಆಗಿ ಸ್ವಿಚ್ಚುಗಳು ಸಿಡಿಯುತ್ತವೆ. ಈ ಡೆಡ್ ಟೈಮನ್ನು ಸಾಫ್ಟ್‌ವೇರಿನ ಕೈಯಲ್ಲಿ ಬಿಡುವುದು ಅಪಾಯ. ಪ್ರೋಗ್ರಾಮು ಎಲ್ಲೋ ಸಿಕ್ಕಿಕೊಂಡರೂ ಸಂದು ಉಳಿಯಬೇಕು. 1990ರ ದಶಕದ ಇಂಟೆಲ್ 8ಎಕ್ಸ್‌ಸಿ196ಎಂಸಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಎಂಎಸ್320ಎಫ್240 ಇದನ್ನು ಚಿಪ್ಪಿನೊಳಗೇ ಕಟ್ಟಿಕೊಟ್ಟವು. ಓವರ್‌ಕರೆಂಟ್ ಕಂಡೊಡನೆ ಸಿಪಿಯುವನ್ನು ಕೇಳದೆ ಎಲ್ಲ ಗೇಟುಗಳನ್ನು ಮುಚ್ಚುವ ಪಿನ್ನೂ ಬಂತು. ನನ್ನ ಮಟ್ಟಿಗೆ ಈ ಇಡೀ ಕಥೆಯ ದೊಡ್ಡ ತಿರುವು ಇದೇ. ಗಡಿಯಾರದ ವೇಗ ಹತ್ತು ಪಟ್ಟಾಗಿದ್ದರೂ ಇಷ್ಟು ಉಪಕಾರವಾಗುತ್ತಿರಲಿಲ್ಲ.

ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಟಿ. ರಂಗನಾಥನ್, ಜಿ. ನಾರಾಯಣನ್ ಅವರು ಸ್ವಿಚ್ಚಿಂಗ್ ಕ್ರಮಗಳ ಮೇಲೆ ಕೆಲಸ ಮಾಡುತ್ತಿದ್ದರು. ಬಸ್ ಕ್ಲ್ಯಾಂಪಿಂಗ್ ವಿಧಾನದಲ್ಲಿ ಪ್ರತಿ ಫೇಸೂ ಮೂರರಲ್ಲೊಂದು ಪಾಲು ಹೊತ್ತು ಅಲುಗಾಡದೆ ನಿಲ್ಲುತ್ತದೆ, ಸ್ವಿಚ್ಚಿಂಗ್ ಅಷ್ಟು ಕಡಿಮೆಯಾಗುತ್ತದೆ. ಅವರು ಪರೀಕ್ಷಿಸಿದ ಇನ್ನು ಕೆಲವು ಕ್ರಮಗಳಲ್ಲಿ ಒಂದು ಫೇಸು ಒಂದೇ ಉಪಾವರ್ತದಲ್ಲಿ ಎರಡು ಸಲ ಹೊರಳುತ್ತದೆ. ಪಿನ್ ಯಾವ ಎಣಿಕೆಗೆ ಹೊರಳಬೇಕೆಂದು ಹೇಳುವ ಕಂಪೇರ್ ರಿಜಿಸ್ಟರು ಫೇಸಿಗೆ ಒಂದೇ ಇದ್ದ ಹಳೆಯ ಟೈಮರಿಗೆ ಇದು ಸಲೀಸಾದ ಕೆಲಸವಲ್ಲ. ಮುಂದೆ ಬಂದ ಇಪಿಡಬ್ಲ್ಯುಎಂ ಎಂಬ ಸುಧಾರಿತ ಪಿಡಬ್ಲ್ಯುಎಂ ಘಟಕಗಳಲ್ಲಿ ಎರಡು, ಆಮೇಲೆ ಇನ್ನೂ ಹೆಚ್ಚು ಕಂಪೇರ್ ರಿಜಿಸ್ಟರು. ಯಾವ ಘಟನೆಗೆ ಪಿನ್ ಏಳಬೇಕು, ಯಾವುದಕ್ಕೆ ಬೀಳಬೇಕು ಎಂದು ನಾವೇ ಬರೆದುಕೊಳ್ಳುವ ಸ್ವಾತಂತ್ರ್ಯ. ಕಾಗದದ ಮೇಲಿನ ಕ್ರಮಗಳಿಗೆ ಹಾರ್ಡ್‌ವೇರ್ ಹತ್ತಿರವಾಗುತ್ತ ಬಂತು.

ಮೆಟ್ಟಿಲು ಎಷ್ಟು ಸಣ್ಣದಿರಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಇತ್ತು. 16 ಮೆಗಾಹರ್ಟ್ಸಿನ ಆರ್ಡುಯಿನೊ ಊನೊದಲ್ಲಿ ಗಡಿಯಾರದ ಒಂದು ಮಿಡಿತ 62.5 ನ್ಯಾನೊಸೆಕೆಂಡ್. 100 ಕಿಲೊಹರ್ಟ್ಸ್ ಬೇಕೆಂದರೆ 160 ಮೆಟ್ಟಿಲು ಸಿಗುತ್ತದೆ. ಪವರ್ ಸಪ್ಲೈಗೆ ಇದು ಸಾಲದು. ಹೊರಬಂದ ವೋಲ್ಟೇಜನ್ನು ಅಳೆಯುವ ಎಡಿಸಿ ಕಾಣುವ ವ್ಯತ್ಯಾಸ ಪಿಡಬ್ಲ್ಯುಎಂ ಮೆಟ್ಟಿಲಿಗಿಂತ ಸಣ್ಣದಾದರೆ ವೋಲ್ಟೇಜು ಎಲ್ಲೂ ನೆಲೆಯಾಗದೆ ಎರಡು ಮೆಟ್ಟಿಲುಗಳ ನಡುವೆ ತೂಗಾಡುತ್ತದೆ. ಗ್ಯಾಲಿಯಂ ನೈಟ್ರೈಡ್ ಸ್ವಿಚ್ಚುಗಳಿಗೆ ಡೆಡ್ ಟೈಮೇ ಕೆಲವು ಹತ್ತು ನ್ಯಾನೊಸೆಕೆಂಡ್ ಮಾತ್ರ, ಒಂದು ಮಿಡಿತಕ್ಕಿಂತ ಕಡಿಮೆ.

ಗಡಿಯಾರವನ್ನು ಗಿಗಾಹರ್ಟ್ಸಿಗೆ ಏರಿಸಿದರೆ ಚಿಪ್ಪು ಕಾದು ಹೋಗುತ್ತದೆ. ಹಾಗಾಗಿ ಎಂಜಿನಿಯರುಗಳು ಮಿಡಿತವನ್ನೇ ಒಡೆದರು. ಪಲ್ಸಿನ ಅಂಚನ್ನು ಸಣ್ಣ ಸಣ್ಣ ವಿಳಂಬ ಕೋಶಗಳ ಸರಪಳಿಯಲ್ಲಿ ಹಾಯಿಸಿ, ಎಷ್ಟನೆಯ ಕೋಶದಿಂದ ಹೊರತೆಗೆಯಬೇಕೆಂದು ಆರಿಸುವ ಉಪಾಯ ಇದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಸಿ2000 ಸಾಲಿನಲ್ಲಿ ಮೆಟ್ಟಿಲು ಸುಮಾರು 150 ಪಿಕೊಸೆಕೆಂಡಿಗೆ ಇಳಿಯಿತು. ಕೋಶದ ವಿಳಂಬ ಬಿಸಿಗೂ ವೋಲ್ಟೇಜಿಗೂ ಬದಲಾಗುವುದರಿಂದ ಆಗಾಗ ಅಳೆದು ತಿದ್ದುವ ಪ್ರೋಗ್ರಾಮನ್ನು ಜೊತೆಗೆ ಓಡಿಸಬೇಕಿತ್ತು. ಎಸ್‌ಟಿಎಂ32ಎಫ್334ರ ಎಚ್‌ಆರ್‌ಟಿಮ್ ಎಂಬ ಟೈಮರು ಈ ತಿದ್ದುಪಡಿಯನ್ನು ಹಾರ್ಡ್‌ವೇರಿಗೇ ಒಪ್ಪಿಸಿ 217 ಪಿಕೊಸೆಕೆಂಡ್ ಕೊಟ್ಟಿತು. ಎಸ್‌ಟಿಎಂ32ಜಿ474 ತನ್ನ 170 ಮೆಗಾಹರ್ಟ್ಸಿನ ಮಿಡಿತವನ್ನು 32 ಪಾಲು ಮಾಡಿ 184 ಪಿಕೊಸೆಕೆಂಡಿಗೆ ತಂದಿತು. ಅಷ್ಟು ಹೊತ್ತಿನಲ್ಲಿ ಬೆಳಕು ಓಡುವುದು ಐದೂವರೆ ಸೆಂಟಿಮೀಟರು. 100 ಕಿಲೊಹರ್ಟ್ಸಿನಲ್ಲಿ ಈಗ 160ರ ಬದಲು 54,400 ಮೆಟ್ಟಿಲು.

ಅಗ್ಗದ ಚಿಪ್ಪುಗಳೂ ಹಿಂದೆ ಬಿದ್ದಿಲ್ಲ. 2021ರ ಆರ್‌ಪಿ2040ರಲ್ಲಿ 16 ಪಿಡಬ್ಲ್ಯುಎಂ ಚಾನೆಲ್ಲುಗಳಿವೆ, ಇಎಸ್‌ಪಿ32ರಲ್ಲಿ ಮೋಟಾರಿಗೆಂದೇ ಬೇರೆ ಘಟಕವಿದೆ. ಕೋಲ್ಕತ್ತದ ಗಲ್ಲಿಗಳಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿ ಹೊತ್ತು ಓಡುವ ಟೊಟೊ ರಿಕ್ಷಾಗಳಿಗೆ ಇದರ ಫಲ ನೇರವಾಗಿ ತಟ್ಟುತ್ತದೆ. ಒಂದು ಆವರ್ತಕ್ಕೆ ಆರೇ ಹೆಜ್ಜೆಯಲ್ಲಿ ವೋಲ್ಟೇಜು ಬದಲಿಸುವ ಹಳೆಯ ಕಂಟ್ರೋಲರಿದ್ದರೆ ಹೊರಡುವಾಗ ಗುರ್ರೆನ್ನುವ ಸದ್ದು, ಸಣ್ಣ ಜಗ್ಗಾಟ. ಸೈನ್ ಅಲೆಯ ಕಂಟ್ರೋಲರಿದ್ದರೆ ಅದೇ ಮೋಟಾರು ಮೆಲ್ಲಗೆ ಹೊರಡುತ್ತದೆ. ಎರಡನೆಯದಕ್ಕೆ ಬೇಕಾದ ಟೈಮರು ಈಗ ದುಬಾರಿ ಚಿಪ್ಪಿನ ಸೊತ್ತಾಗಿ ಉಳಿದಿಲ್ಲ.

ನಮ್ಮಲ್ಲೇ ವಿನ್ಯಾಸಗೊಂಡ ಚಿಪ್ಪುಗಳ ಪೈಕಿ ಸಿ–ಡ್ಯಾಕಿನ ತೇಜಸ್32ರಲ್ಲಿ 8 ಪಿಡಬ್ಲ್ಯುಎಂ ಚಾನೆಲ್ಲುಗಳಿವೆ. ಅದರ ಗಡಿಯಾರ 100 ಮೆಗಾಹರ್ಟ್ಸ್, ಅಂದರೆ ಮಿಡಿತಕ್ಕೆ 10 ನ್ಯಾನೊಸೆಕೆಂಡ್. ಫ್ಯಾನು, ಪಂಪು, ಟೊಟೊಗಳಿಗೆ ಇದು ಧಾರಾಳ. ಗ್ಯಾಲಿಯಂ ನೈಟ್ರೈಡಿನ ಚಾರ್ಜರುಗಳಿಗೆ ಬೇಕಾದ ಪಿಕೊಸೆಕೆಂಡಿನ ಮೆಟ್ಟಿಲಿಗೆ ಮಾತ್ರ ಮಿಡಿತ ಒಡೆಯುವ ವಿಳಂಬ ಸರಪಳಿಯೇ ಬೇಕು.