ಊರ ಹೋರಿಯಿಂದ ವೀರ್ಯದ ಕಡ್ಡಿಯವರೆಗೆ

ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘ ಕಟ್ಟಿದ ಹಿರಿಯರ ಬಗ್ಗೆ, ಹಾಲಿನ ಲೆಕ್ಕದ ಬಗ್ಗೆ, ಬೋನಸ್ಸಿನ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ಆದ್ದರಿಂದ ನಾವು ಹಾಲಿಗೂ ಹಿಂದಿನ ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಹಸು ಗಬ್ಬವಾಗಿ ಕರು ಹಾಕದೆ ಕೆಚ್ಚಲಿಗೆ ಹಾಲಿಳಿಯುವುದಿಲ್ಲ. ಆ ಗಬ್ಬ ಹಿಂದೆ ಹೇಗೆ ನಿಲ್ಲುತ್ತಿತ್ತು, ಈಗ ಹೇಗೆ ನಿಲ್ಲುತ್ತಿದೆ ಎಂಬುದಕ್ಕೂ ಒಂದು ಚರಿತ್ರೆ ಇದೆ. ಇದನ್ನು ಸಭೆಯಲ್ಲಿ ಮಾತಾಡಲು ಕೆಲವರಿಗೆ ಸಂಕೋಚ. ಹಸು ಕಟ್ಟಿದವನಿಗೆ ಸಂಕೋಚ ಯಾತರದು?

ಇಟ್ಟಮಡು ಎಂದರೆ ಈಗಿನ ಹುಡುಗರಿಗೆ ಬನಶಂಕರಿ ಮೂರನೇ ಹಂತದ ಒಂದು ಬಸ್ ಸ್ಟಾಪು. ಹೆಸರಿನಲ್ಲಿ ಮಾತ್ರ ‘ಮಡು’ ಉಳಿದಿದೆ. ಮಡು ಎಂದರೆ ನೀರು ಆಳವಾಗಿ ನಿಲ್ಲುವ ಜಾಗ. ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ಚಿಕ್ಕಲ್ಲಸಂದ್ರ ಇವೆಲ್ಲ ರಾಗಿ ಹೊಲದ ನಡುವಿನ ಹಳ್ಳಿಗಳಾಗಿದ್ದ ಕಾಲದಲ್ಲಿ ಈ ಕಡೆ ಕಟ್ಟುತ್ತಿದ್ದದ್ದು ಹಳ್ಳಿಕಾರ್ ದನ. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು, ಗಾಡಿಗೆ ಹೂಡಿದರೆ ಕುದುರೆಯ ನಡೆ. ಹಸುವನ್ನು ಸಾಕುತ್ತಿದ್ದದ್ದು ಮುಖ್ಯವಾಗಿ ಎತ್ತಿಗಾಗಿ. ಕರು ಕುಡಿದು ಮಿಕ್ಕಿದ ಹಾಲು ಮನೆಗೆ, ಮನೆಗೆ ಮಿಕ್ಕಿದ್ದು ಮೊಸರಿಗೆ. ಗಂಡು ಕರು ಹುಟ್ಟಿತೆಂದರೆ ಮನೆಯಲ್ಲಿ ಸಂತೋಷ. ಬೆಳೆಸಿ ಜೋಡಿ ಮಾಡಿ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೊಡೆದುಕೊಂಡು ಹೋದರೆ ಕೈತುಂಬ ಕಾಸು.

ಆಗ ಗಬ್ಬದ ವಿಷಯದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದನವೆಲ್ಲ ಒಟ್ಟಿಗೆ ಗೋಮಾಳದಲ್ಲಿ ಮೇಯುತ್ತಿದ್ದವು. ಬೆದೆಗೆ ಬಂದ ಹಸುವನ್ನು ಮಂದೆಯೇ ತೋರಿಸುತ್ತಿತ್ತು. ಒಂದರ ಮೇಲೊಂದು ಹತ್ತುವುದನ್ನು ದನ ಕಾಯುವ ಹುಡುಗನೂ ಗುರುತಿಸುತ್ತಿದ್ದ. ದೇವರ ಹೆಸರಿಗೆ ಬಿಟ್ಟ ಬಸವನೋ, ಗಟ್ಟಿ ಆಸಾಮಿ ಯಾರಾದರೂ ಸಾಕಿದ ಬೀಜದ ಹೋರಿಯೋ ಮುಂದಿನ ಕೆಲಸ ನೋಡಿಕೊಳ್ಳುತ್ತಿತ್ತು. ಆ ಹೋರಿ ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿರಲಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಕಡಲೆಕಾಯಿ ಹೊಲಕ್ಕೆ ನುಗ್ಗಿದ ಬಸವನ ಕಥೆಯೇ ಮೂಲವೆಂದು ಹೇಳುತ್ತಾರಲ್ಲ. ತಳಿ ಆರಿಸುವುದು, ದಾಖಲೆ ಇಡುವುದು ಇವೆಲ್ಲ ಅರಮನೆಯ ಕೆಲಸ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದೂ ಸೈನ್ಯದ ಸಾಮಾನು ಎಳೆಯುವ ಎತ್ತಿಗಾಗಿ, ಹಾಲಿಗಾಗಿ ಅಲ್ಲ.

ಹಾಲಿಗಾಗಿ ತಳಿ ಬೆರೆಸುವ ಪ್ರಯೋಗ ನಮ್ಮ ಊರಿಂದ ಬಹಳ ದೂರದಲ್ಲೇನೂ ಆಗಲಿಲ್ಲ. ಹೊಸೂರು ರಸ್ತೆಯ ಆಡುಗೋಡಿಯಲ್ಲಿ 1923ರಲ್ಲಿ ಬ್ರಿಟಿಷ್ ಸರ್ಕಾರ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆಯೊಂದನ್ನು ತೆರೆಯಿತು. ಅದು ಬೆಳೆದು ಮುಂದೆ 1955ರಲ್ಲಿ ಹರಿಯಾಣದ ಕರ್ನಾಲಿಗೆ ಹೋದ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ. ಆಡುಗೋಡಿಯಲ್ಲಿ ಅದರ ದಕ್ಷಿಣದ ಕೇಂದ್ರ ಉಳಿಯಿತು. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದಾಗ ಈ ಸಂಸ್ಥೆಗೆ ಹೋಗಿ ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ಗೋಸಾಕಣೆಯ ಪಾಠ ಹೇಳಿಸಿಕೊಂಡರು. ಜಿಲ್ ಎಂಬ ಬೆರಕೆ ತಳಿಯ ಹಸು ಅಲ್ಲಿ ಆಗ ಹೆಸರುವಾಸಿ. ಆದರೆ ಅಂಥ ಹಸು ಆಗಬೇಕಾದರೆ ಸೀಮೆ ಹೋರಿಯನ್ನೇ ಹಡಗಿನಲ್ಲಿ ತರಿಸಬೇಕಾಗಿತ್ತು. ರೈತನಿಗೆ ಅದು ಕನಸಿನ ಮಾತು.

ಹೋರಿಯನ್ನು ತರದೆ ಹೋರಿಯ ಬೀಜವನ್ನಷ್ಟೇ ತರುವ ವಿದ್ಯೆ ನಮ್ಮ ದೇಶದಲ್ಲಿ ಮೊದಲು ಕೈಗೂಡಿದ್ದು ನಮ್ಮ ಮೈಸೂರಿನಲ್ಲೇ. 1939ರಲ್ಲಿ ಮೈಸೂರು ಅರಮನೆಯ ಡೈರಿ ಫಾರಂನಲ್ಲಿ ಸಂಪತ್‌ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೃತಕವಾಗಿ ಸೇರಿಸಿದರು. 33 ಹಸುಗಳು ಗಬ್ಬವಾದವು. ಭಾರತದ ಕೃತಕ ಗರ್ಭಧಾರಣೆಯ ಚರಿತ್ರೆ ಶುರುವಾಗುವುದೇ ಈ 33 ಹಸುಗಳಿಂದ. ಮೂರು ವರ್ಷದ ನಂತರ, 1942ರಲ್ಲಿ ಉತ್ತರದ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಭಟ್ಟಾಚಾರ್ಯ ಎಂಬುವರು ಕೇಂದ್ರ ತೆರೆದರು. ಆಮೇಲೆ ಆದ ನಾಲ್ಕು ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದು.

ಇದೇ ಹೊತ್ತಿಗೆ ಡೆನ್ಮಾರ್ಕ್ ದೇಶದಲ್ಲಿ ನಡೆದದ್ದನ್ನು ಸಹಕಾರಿಗಳಾದ ನಾವು ತಿಳಿದಿರಬೇಕು. 1936ರಲ್ಲಿ ಅಲ್ಲಿನ ಸ್ಯಾಮ್ಸೊ ಎಂಬ ದ್ವೀಪದ ರೈತರು ಕೃತಕ ಗರ್ಭಧಾರಣೆಗೆಂದೇ ಒಂದು ಸಹಕಾರ ಸಂಘ ಕಟ್ಟಿದರು. ಒಬ್ಬನೇ ಕೊಳ್ಳಲಾಗದ ಹೋರಿಯನ್ನು ಎಲ್ಲರೂ ಸೇರಿ ಇಟ್ಟುಕೊಳ್ಳುವುದು, ಅದರ ವೀರ್ಯವನ್ನು ಎಲ್ಲರ ಹಸುವಿಗೂ ಹಂಚುವುದು. ಅದರ ಮುಂದಾಳು ಸೋರೆನ್‌ಸೆನ್ ಎಂಬ ಪಶುವೈದ್ಯರು. ವೀರ್ಯ ತುಂಬಿಡಲು ಅವರು ಮೊದಲು ಬಳಸಿದ್ದು ನಿಜವಾದ ಓಟ್ಸ್ ಹುಲ್ಲಿನ ಕಡ್ಡಿ. ಆಮೇಲೆ ಮಗಳ ಹುಟ್ಟುಹಬ್ಬದ ದಿನ ಮಕ್ಕಳು ಕಡ್ಡಿಯಲ್ಲಿ ಪಾನಕ ಹೀರುವುದನ್ನು ಕಂಡು, ನನಗೆ ಬೇಕಾದದ್ದು ಇದೇ ಅಂತ ಹಿಡಿದುಕೊಂಡರಂತೆ. ಇವತ್ತು ನಾವು ‘ಕಡ್ಡಿ ಇದೆಯಾ ಡಾಕ್ಟ್ರೇ?’ ಅಂತ ಕೇಳುವ ಆ ಕಡ್ಡಿಯ ಮೂಲ ಹೀಗೆ ಹುಲ್ಲಿನಲ್ಲಿದೆ.

ಆದರೂ ಒಂದು ತೊಡಕಿತ್ತು. ಮೊಟ್ಟೆಯ ಹಳದಿ ಬೆರೆಸಿ ಐಸಿನಲ್ಲಿಟ್ಟರೂ ವೀರ್ಯ ಎರಡು ಮೂರು ದಿನ ತಾಳುತ್ತಿತ್ತು, ಅಷ್ಟೆ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಒಂದು ಬಗೆಯ ಸಕ್ಕರೆಯ ದ್ರಾವಣವೆಂದು ತಿಳಿದು ಬಳಸಿದ ಸೀಸೆಯಲ್ಲಿ ಇದ್ದದ್ದು ಬೇರೆಯದೇ ಆಗಿ, ಅದರಲ್ಲಿದ್ದ ಗ್ಲಿಸರಿನ್ ವೀರ್ಯಾಣುವನ್ನು ಹೆಪ್ಪುಗಟ್ಟಿದಾಗಲೂ ಸಾಯದಂತೆ ಕಾಯುತ್ತದೆಂದು ಗೊತ್ತಾಯಿತು. ಚೀಟಿ ಅದಲುಬದಲಾದದ್ದರಿಂದ ಲೋಕಕ್ಕೆ ಉಪಕಾರವಾದ ಅಪರೂಪದ ಸಂದರ್ಭ. ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟರೆ ವೀರ್ಯ ವರ್ಷಗಟ್ಟಲೆ ಕೆಡುವುದಿಲ್ಲ. ಹೋರಿ ಸತ್ತ ಮೇಲೂ ಕರು ಹುಟ್ಟುತ್ತದೆ.

ಈ ವಿದ್ಯೆ ನಮ್ಮ ಮಗ್ಗುಲಿಗೆ ಬಂದದ್ದು ಹೆಸರಘಟ್ಟಕ್ಕೆ, ಅದೂ ಡೆನ್ಮಾರ್ಕಿನ ನೆರವಿನಿಂದಲೇ. 1960ರ ದಶಕದಲ್ಲಿ ಅಲ್ಲಿ ಇಂಡೋ-ಡೇನಿಷ್ ಯೋಜನೆ ಬಂತು, ಕೆಂಪು ಡೇನಿಷ್ ದನ ಬಂದವು. 1969ರಲ್ಲಿ ಘನೀಕೃತ ವೀರ್ಯ ತಯಾರಿಸುವ, ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಅಲ್ಲೇ ಆಯಿತು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಬಂದು, ಹಳ್ಳಿ ಹಳ್ಳಿಗೆ ನಮ್ಮಂಥ ಸಂಘಗಳಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ಮೇಲೆ ಕಡ್ಡಿಗೂ ಹಾಲಿನ ಕ್ಯಾನಿಗೂ ಒಂದೇ ದಾರಿಯಾಯಿತು.

ಜನ ಸುಲಭವಾಗಿ ಒಪ್ಪಲಿಲ್ಲ. ‘ಹೋರಿ ಮುಖ ಕಾಣದ ಹಸು ಎಂಥಾ ಕರು ಹಾಕ್ತದೆ?’ ಅಂದವರಿದ್ದರು. ‘ಬಸವಣ್ಣನ ಹೊಟ್ಟೆ ಮ್ಯಾಲೆ ಹೊಡೀತಾವ್ರೆ’ ಅಂದವರೂ ಇದ್ದರು. ಮೊದಲ ಸೀಮೆ ಕರುವಿಗೆ ಹಿಣಿಲಿಲ್ಲದ್ದು ಕಂಡು ನಕ್ಕವರೇ ಅದು ಬೆಳೆದು ಹೊತ್ತಿಗೆ ಏಳೆಂಟು ಲೀಟರ್ ಕರೆದಾಗ ಸದ್ದಿಲ್ಲದೆ ಡಾಕ್ಟರ ಮನೆ ದಾರಿ ಹಿಡಿದರು. ಅವರ ಅನುಮಾನವೆಲ್ಲ ದಡ್ಡತನವೆಂದು ನಾವು ಹೇಳುವುದಿಲ್ಲ. ಸಣ್ಣ ಮೈಯ ನಾಟಿ ಮಣಕಕ್ಕೆ ದೊಡ್ಡ ತಳಿಯ ವೀರ್ಯ ಹಾಕಿಸಿ ಕರು ಹೊರಬರದೆ ಒದ್ದಾಡಿದ ರಾತ್ರಿಗಳನ್ನು ಕಂಡವರು ನಾವು.

ಈಗ ಮುಖ್ಯ ಮಾತಿಗೆ ಬರೋಣ. ಹಸು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. 18ರಿಂದ 24 ದಿನದವರೆಗೆ ಹೆಚ್ಚುಕಡಿಮೆ ಇರಬಹುದು. ಬೆದೆ ಇರುವುದು 12ರಿಂದ 18 ತಾಸು. ಅಂಡ ಬಿಡುಗಡೆಯಾಗುವುದು ಬೆದೆ ಇಳಿದು 10–12 ತಾಸಾದ ಮೇಲೆ. ಬಿಡುಗಡೆಯಾದ ಅಂಡ ಬಹಳ ಹೊತ್ತು ಕಾಯುವುದಿಲ್ಲ, ವೀರ್ಯಾಣು ಅದಕ್ಕೆ ಮುಂಚೆಯೇ ಹೋಗಿ ಸಿದ್ಧವಾಗಿರಬೇಕು. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಎಂಬ ಲೆಕ್ಕ. ಅಮೆರಿಕದಲ್ಲಿ 1940ರ ದಶಕದಲ್ಲಿ ಹಸುಗಳನ್ನು ಹಗಲಿರುಳು ಕಾದು ನೋಡಿ ಹೇಳಿದ ಲೆಕ್ಕ ಇದು. ಕಾಲು ಮಿಲಿಲೀಟರಿನ ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು ಇದ್ದರೂ ಹೊತ್ತು ತಪ್ಪಿದರೆ ಅಷ್ಟೂ ದಂಡ.

ನಮ್ಮ ಮನೆಯಲ್ಲೇ ಒಮ್ಮೆ ಹೀಗಾಯಿತು. ಒಂದು ಕರಿಬಿಳಿ ಹಸುವಿಗೆ ಮೂರು ಸಲ ಕಡ್ಡಿ ಹಾಕಿಸಿದೆವು, ಮೂರು ಸಲವೂ ತಿರುಗಿ ಬೆದೆಗೆ ಬಂತು. ನಾವು ಗಂಡಸರು ಕಡ್ಡಿಯನ್ನು ಬೈದೆವು, ಹಾಕಿದವರನ್ನು ಬೈದೆವು, ಕೊನೆಗೆ ಹಸು ಬರಡು, ಮಾರಿಬಿಡೋಣ ಅಂದೆವು. ಆಗ ನಮ್ಮ ತಾಯಿಯವರು, ‘ನೀವು ಹೇಳಿ ಕಳ್ಸೋದು ಅದು ಕೂಗಿದ ಮ್ಯಾಲೆ. ಅದು ಹಿಂದಿನ ಸಂಜೆನೇ ಲೋಳೆ ಹಾಕಿರ್ತೈತೆ, ನಾನು ಸಗಣಿ ಬಾಚೋವಾಗ ನೋಡಿವ್ನಿ. ನನ್ನ ಯಾರು ಕೇಳ್ತೀರಪ್ಪ?’ ಅಂದರು. ನಾಲ್ಕನೇ ಸಲ ಅವರು ಹೇಳಿದ ಹೊತ್ತಿಗೆ ಹಾಕಿಸಿದೆವು. ಒಂಬತ್ತು ತಿಂಗಳು ಒಂಬತ್ತು ದಿನಕ್ಕೆ ಹೆಣ್ಣು ಕರು. ಅಷ್ಟರಲ್ಲಿ ಮೂರು ಬೆದೆ, ಅಂದರೆ 63 ದಿನದ ಮೇವು, ಹಿಂಡಿ, ಬೂಸ ವ್ಯರ್ಥವಾಗಿತ್ತು.

ಊರು ಊರಾಗಿದ್ದಾಗ ಈ ಕಷ್ಟವಿರಲಿಲ್ಲ. ಬಡಾವಣೆ ಬಂದು, ಗೋಮಾಳ ಹೋಗಿ, ಹತ್ತಡಿ ಶೀಟಿನ ಕೊಟ್ಟಿಗೆಯಲ್ಲಿ ಒಂದೋ ಎರಡೋ ಹಸು ಹಗ್ಗದಲ್ಲಿ ನಿಂತ ಮೇಲೆ ಬೆದೆ ಅಡಗಿಹೋಯಿತು. ಹತ್ತಲು ಜೊತೆಯ ಹಸುವಿಲ್ಲ, ಸಿಮೆಂಟ್ ನೆಲದಲ್ಲಿ ಕಾಲು ಜಾರುತ್ತದೆ. ಬಹಳಷ್ಟು ಹಸುಗಳು ಬೆದೆ ತೋರಿಸುವುದು ರಾತ್ರಿ ಮತ್ತು ನಸುಕಿನಲ್ಲಿ. ಬೇಸಿಗೆಯಲ್ಲಿ ಕೆಲವು ಸೀಮೆ ಹಸು ಕೂಗುವುದೂ ಇಲ್ಲ. ಮಂದೆ ಮಾಡುತ್ತಿದ್ದ ಕೆಲಸವನ್ನು ಈಗ ನಸುಕಿಗೇ ಎದ್ದು ಕೊಟ್ಟಿಗೆಗೆ ಹೋಗುವ ಹೆಂಗಸರ ಕಣ್ಣು ಮಾಡುತ್ತಿದೆ. ಬಾಲದ ಬುಡ ಒದ್ದೆಯಾದದ್ದು, ಹಾಲು ಅರ್ಧ ಲೀಟರ್ ಕಡಿಮೆಯಾದದ್ದು, ಹಿಂಡಿ ಮುಟ್ಟದೆ ಬಾಗಿಲ ಕಡೆ ನೋಡುತ್ತ ನಿಂತದ್ದು ಅವರಿಗೇ ಮೊದಲು ಗೊತ್ತಾಗುವುದು. ಹಳ್ಳಿಗಾಡಿನಲ್ಲಿ ನೂರು ಹಸುವಿಗೆ ಕಡ್ಡಿ ಹಾಕಿದರೆ ಮೊದಲ ಸಲಕ್ಕೆ 35–40 ನಿಂತರೆ ಹೆಚ್ಚು ಎನ್ನುತ್ತಾರೆ. ಮಿಕ್ಕವುಗಳಲ್ಲಿ ಹೊತ್ತು ತಪ್ಪಿದವು ಬಹಳ ಇರುತ್ತವೆಂದು ನಮ್ಮ ಅನುಭವ.

ಕಳೆದುಕೊಂಡದ್ದನ್ನೂ ಬರೆಯಬೇಕು. ಈ ಸುತ್ತಿನಲ್ಲಿ ಹಳ್ಳಿಕಾರ್ ಜೋಡಿ ಈಗ ಶೋಕಿಗೆ ಸಾಕುವವರ ಮನೆಯಲ್ಲಿ, ಜಾತ್ರೆಯಲ್ಲಿ ಕಂಡರೆ ಕಂಡಿತು. ಗಂಡು ಕರು ಹುಟ್ಟಿದರೆ ಸಂತೋಷಪಡುತ್ತಿದ್ದ ಮನೆಗಳಲ್ಲೇ ಈಗ ಗಂಡು ಕರುವೆಂದರೆ ಮುಖ ಸಪ್ಪೆ. ಅದಕ್ಕೂ ವಿಜ್ಞಾನಿಗಳು ದಾರಿ ಹುಡುಕಿದ್ದಾರೆ: ವೀರ್ಯಾಣುಗಳನ್ನು ಬೇರ್ಪಡಿಸಿ ನೂರಕ್ಕೆ ಸುಮಾರು ತೊಂಬತ್ತು ಹೆಣ್ಣು ಕರುವೇ ಹುಟ್ಟುವಂಥ ಕಡ್ಡಿ ಬಂದಿದೆ. ಬೆಲೆ ಜಾಸ್ತಿ, ಅದರಲ್ಲಿ ವೀರ್ಯಾಣು ಕಡಿಮೆ. ಆದ್ದರಿಂದ ಹೊತ್ತು ಇನ್ನೂ ಕಟ್ಟುನಿಟ್ಟು.

ಈ ಲೇಖನಕ್ಕಾಗಿ ಸಂಘದ ಹಳೆಯ ಗರ್ಭಧಾರಣೆ ಪುಸ್ತಕಗಳನ್ನು ತಿರುವಿ ನೋಡಿದೆವು. ಸದಸ್ಯರ ಹೆಸರು, ಹಸುವಿನ ಬಣ್ಣ, ಹೋರಿಯ ನಂಬರು, ಹಾಕಿದ ತಾರೀಖು, ಹಾಕಿದವರ ಸಹಿ ಎಲ್ಲವೂ ಇದೆ. ಬೆದೆ ಕಂಡ ಗಂಟೆ ಎಷ್ಟು, ಕಂಡವರು ಯಾರು ಎಂಬುದಕ್ಕೆ ಕಾಲಂ ಇಲ್ಲ. ಮುಂದಿನ ಪುಸ್ತಕ ಅಚ್ಚು ಹಾಕಿಸುವಾಗ ಆ ಎರಡು ಕಾಲಂ ಸೇರಿಸಬೇಕೆಂದು ಆಡಳಿತ ಮಂಡಳಿಗೆ ಅರ್ಜಿ ಬರೆದುಕೊಟ್ಟಿದ್ದೇವೆ. ಮೊದಲ ಸಹಿ ನಮ್ಮ ತಾಯಿಯವರದು.